ಸಂದಿ ಮುಚ್ಚದ ಡಾರ್ನ್ಲಿ ಸ್ಕೀಟ್

ಡಾರ್ನ್ಲಿ ಸ್ಕೀಟರ ಮೇಲ್ದವಡೆಯಲ್ಲಿ, ಮುಂಬಲ್ಲೊಂದು ಇರಬೇಕಾದ ಜಾಗದಲ್ಲಿ, ಐವತ್ತೆರಡು ವರ್ಷಗಳಿಂದ ಒಂದು ಸಂದಿಯಿತ್ತು. ಹಲ್ಲು ಬಿದ್ದ ಜಾಗವನ್ನು ಮನುಷ್ಯರು ಸಾಮಾನ್ಯವಾಗಿ ಸಂಕೋಚದಿಂದ ಕಾಣುತ್ತಾರೆ. ನಗು ಬಂದಾಗ ತುಟಿ ತಾನಾಗಿಯೇ ಕೆಳಗಿಳಿದು ಅದನ್ನು ಮರೆಮಾಡುತ್ತದೆ, ಫೋಟೋ ತೆಗೆಯುವಾಗ ಬಾಯಿ ಬಿಗಿದುಕೊಳ್ಳುತ್ತದೆ. ಸ್ಕೀಟರು ಮಾತ್ರ ಆ ಸಂದಿಯನ್ನು ಸಂಗೀತಗಾರನೊಬ್ಬ ತನ್ನ ವಾದ್ಯವನ್ನು ನೋಡಿಕೊಳ್ಳುವಷ್ಟು ಶ್ರದ್ಧೆಯಿಂದ ನೋಡಿಕೊಳ್ಳುತ್ತಿದ್ದರು. ದಿನಕ್ಕೆರಡು ಬಾರಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಅಕ್ಕಪಕ್ಕದ ಹಲ್ಲುಗಳು ಒಳಕ್ಕೆ ವಾಲಿ ಬರದಂತೆ ನಾಲಿಗೆಯ ತುದಿಯಿಂದ ಒತ್ತಿ ಪರೀಕ್ಷಿಸುವುದು, ಮೂಳೆ ಕಡಿಯುವಾಗ ಬಲದವಡೆಯನ್ನೇ ಬಳಸುವುದು, ಹೀಗೆ ಅದಕ್ಕೆ ಸಂಬಂಧಿಸಿದ ವಿಧಿಗಳು ಹಲವಿದ್ದವು. ಒಬ್ಬಳೇ ಮಗಳು ಕೋರಲಿ ರಾಜಧಾನಿ ಬ್ರಿಜ್‌ಟೌನಿನಲ್ಲಿ ಉಪಾಧ್ಯಾಯಿನಿ. ಊರಿಗೆ ಬಂದಾಗಲೆಲ್ಲ ಹಲ್ಲು ಕಟ್ಟಿಸಿಕೊಳ್ಳುವ ಮಾತೆತ್ತುತ್ತಿದ್ದಳು. ಅವರು ಆಕಾಶ ನೋಡಿ, ಗಾಳಿ ತೆಂಕಣಕ್ಕೆ ತಿರುಗಿತೆಂದೋ ತಿರುಗಲಿಲ್ಲವೆಂದೋ ಹೇಳಿ ಎದ್ದುಹೋಗುತ್ತಿದ್ದರು.

ಬಾರ್ಬಡೋಸಿನ ಹಳೆಯ ಕಬ್ಬಿನ ತೋಟಗಳಲ್ಲಿ ದುಡಿದವರ ನೆನಪುಗಳನ್ನು ದಾಖಲಿಸುತ್ತ ನಾನು ಈ ದ್ವೀಪದಲ್ಲಿ ಹದಿನೇಳು ವರ್ಷ ಕಳೆದಿದ್ದೇನೆ. ಒಂದೇ ಪ್ರಶ್ನೆಯನ್ನು ಮೂರು ಬೇರೆ ಬೇರೆ ಕಾಲಗಳಲ್ಲಿ ಕೇಳಿ, ಬಂದ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನಾನು ಕಲಿತ ಪದ್ಧತಿ. ಸ್ಕೀಟರ ಹಲ್ಲಿನ ಕಥೆಯನ್ನೂ ಹಾಗೆಯೇ ಪರೀಕ್ಷಿಸಿದೆ. ಅವರ ಉತ್ತರ ಮೂರು ಸಲವೂ ಒಂದೇ ಆಗಿತ್ತು: ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೀಡರ್ ಬಾಟಮ್ ಊರಿನ ತಂಡಕ್ಕೆ ವಿಕೆಟ್ ಕಾಯುತ್ತಿದ್ದಾಗ, ಗೆಳೆಯ ಲಯನಲ್ ಕಂಬರ್‌ಬ್ಯಾಚ್ ಎಸೆದ ಚೆಂಡು ಪಿಚ್ಚಿನ ಮೇಲಿದ್ದ ಬೆಣಚುಕಲ್ಲಿಗೆ ತಗುಲಿ ಪುಟಿದು ಬಾಯಿಗೆ ಬಡಿಯಿತು. ಲಯನಲ್‌ನ ಉತ್ತರದಲ್ಲಾದರೋ ಮೊದಲ ಸಲ ಕಲ್ಲಿತ್ತು. ಎರಡನೆಯ ಸಲ ಕಲ್ಲು ಚಿಕ್ಕದಾಗಿ ಚೆಂಡಿನ ವೇಗ ಹೆಚ್ಚಿತ್ತು. ಮೂರನೆಯ ಸಲ ಕಲ್ಲೇ ಇರಲಿಲ್ಲ.

"ನಿನ್ನ ಸಂದಿಯಿಂದ ಬರ್ತಿದ್ದ ಆ ಹಕ್ಕಿ ಕರೆಯೋ ಸಿಳ್ಳೆ ಇದೆಯಲ್ಲ, ಅದು ನನ್ನ ಬೌಲಿಂಗಿನ ಪ್ರಸಾದ," ಎಂದು ಲಯನಲ್ ಮಾರ್ವಾ ಗಿಟೆನ್ಸಳ ರಮ್ ಮಾರುವ ಅಂಗಡಿಯಲ್ಲಿ ಡಾಮಿನೋ ಕಾಯಿಯನ್ನು ಮೇಜಿಗೆ ಬಡಿಯುತ್ತ ಹೇಳುತ್ತಿದ್ದ. "ನಾನು ಸ್ವಲ್ಪ ನಿಧಾನ ಎಸೆದಿದ್ರೆ ಈ ಊರಿಗೆ ಒಂದು ಹಕ್ಕೀನೂ ಇಳೀತಿರ್ಲಿಲ್ಲ."

"ನೀನು ಅದಕ್ಕಿಂತ ನಿಧಾನ ಎಸೆಯೋಕೆ ಸಾಧ್ಯ ಇರ್ಲಿಲ್ಲ, ಲಯನಲ್," ಎಂದು ಸ್ಕೀಟರು ಉತ್ತರಿಸುತ್ತಿದ್ದರು. "ಆ ಚೆಂಡು ಬರೋದ್ರೊಳಗೆ ನಾನು ಊಟದ ಯೋಚನೆ ಮಾಡ್ತಿದ್ದೆ. ಅದಕ್ಕೇ ಏಟು ಬಿತ್ತು, ಕೇಳಿಸ್ತಾ?"

ಈ 'ಕೇಳಿಸ್ತಾ' ಅವರ ಪ್ರತಿಯೊಂದು ಮಾತಿನ ಬಾಲ. ದ್ವೀಪದಲ್ಲಿ ಬಹಳ ಜನ ಹೀಗೆ ಕೇಳುವುದುಂಟು. ಆದರೆ ಅವರೆಲ್ಲ ಉತ್ತರಕ್ಕೆ ಕಾಯದೆ ಮುಂದಿನ ಮಾತಿಗೆ ದಾಟುತ್ತಾರೆ. ಸ್ಕೀಟರು ಕಾಯುತ್ತಿದ್ದರು. ಕೇಳಿದವರು ತಲೆಯಾಡಿಸುವವರೆಗೆ, ಕತ್ತನ್ನು ಕೊಂಚ ಎಡಕ್ಕೆ ವಾಲಿಸಿ, ಬಲಗಿವಿಯನ್ನು ನಿಮ್ಮ ಕಡೆ ಒಡ್ಡಿ ನಿಂತುಬಿಡುತ್ತಿದ್ದರು.

ಅವರ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯಲಾರರು. ನಲವತ್ತು ವರ್ಷ ಮೊಣಕಾಲುದ್ದದ ಕೆಸರಿನಲ್ಲಿ ಓಡಾಡಿದ್ದರಿಂದ, ಪಾದವನ್ನು ಎತ್ತರಕ್ಕೆ ಎತ್ತಿ, ಗಾಳಿಯಲ್ಲಿ ಕ್ಷಣಕಾಲ ಹಿಡಿದು, ಬೆರಳ ತುದಿಯನ್ನು ಮೊದಲು ಊರಿ, ಆಮೇಲೆ ಹಿಮ್ಮಡಿಯನ್ನು ಇಳಿಸುವ ಅಭ್ಯಾಸ ಅವರಿಗೆ ಮೈಗೂಡಿತ್ತು. ಡಾಂಬರಿನ ರಸ್ತೆಯ ಮೇಲೂ ಅದೇ ನಡಿಗೆ, ಚರ್ಚಿನ ನೆಲಹಾಸಿನ ಮೇಲೂ ಅದೇ. ಬೆಂಕಿಯಂಥ ಬಿಸಿಲಿನಲ್ಲಿಯೂ ಮೈಮೇಲೆ ಮೊಣಕಾಲಿನವರೆಗೆ ಇಳಿಯುವ ಮಾಸಲು ಕಂದು ಕೋಟು. ಅದರ ಜೇಬುಗಳು ಹನ್ನೊಂದು. ಒಂದರಲ್ಲಿ ಸೀಸದಕಡ್ಡಿ, ಒಂದರಲ್ಲಿ ಹಳೆಯ ಶಾಲಾಪುಸ್ತಕದ ರಟ್ಟು, ಒಂದರಲ್ಲಿ ಯಾವಾಗಲೂ ಪುಡಿಯಾಗಿಯೇ ಇರುತ್ತಿದ್ದ ಬಿಸ್ಕತ್ತು. ಉಳಿದವುಗಳಲ್ಲಿ ಏನಿದೆಯೆಂದು ತಮಗೂ ಗೊತ್ತಿಲ್ಲವೆಂದು ಅವರೇ ಹೇಳುತ್ತಿದ್ದರು. ಕೋಟಿಗೆ ಕೆಸರಿನ, ಹೊಗೆಸೊಪ್ಪಿನ, ಒಣಗಿದ ಪಾಚಿಯ ವಾಸನೆಯಿತ್ತು. ಅವರು ಬಂದರೆಂದರೆ ಮಾರ್ವಾ ತಲೆಯೆತ್ತದೆಯೇ ಮಾಬಿಯ ಲೋಟವನ್ನು ಮುಂದಿಡುತ್ತಿದ್ದಳು. ಮಾಬಿಯೆಂದರೆ ಮರದ ತೊಗಟೆ ಕುದಿಸಿ ಮಾಡುವ ಕಹಿ ಪಾನಕ. ಸಕ್ಕರೆ ಎಷ್ಟು ಹಾಕಿದರೂ ಕಹಿ ಕೊನೆಗೆ ಉಳಿಯುತ್ತದೆ. ಸ್ಕೀಟರು ಸಕ್ಕರೆ ಹಾಕಿಸಿಕೊಳ್ಳುತ್ತಲೇ ಇರಲಿಲ್ಲ.

ಊರಿನ ಮೂಡಣಕ್ಕೆ, ಕಬ್ಬಿನ ಗದ್ದೆಗಳಿಗೂ ಕಡಲಿಗೂ ನಡುವೆ ಪಿಲ್ಗ್ರಿಮ್ ಕೊಳವಿದೆ. ಕೊಳವೆನ್ನುವುದು ಉಪಚಾರದ ಮಾತು. ನಾಲ್ಕು ಕಡೆ ಬದು ಹಾಕಿ, ನಡುವೆ ತೆಳ್ಳಗೆ ನೀರು ನಿಲ್ಲಿಸಿದ ಜೌಗುನೆಲ ಅದು. ಬಡಗಣದ ಹಿಮದ ಸೀಮೆಗಳಲ್ಲಿ ಮರಿ ಮಾಡಿದ ನೀರುಹಕ್ಕಿಗಳು ಜುಲೈ ತಿಂಗಳಿನಿಂದ ಅಕ್ಟೋಬರಿನವರೆಗೆ ಮಹಾಸಾಗರದ ಮೇಲೆ ದಿನಗಟ್ಟಲೆ ಹಾರಿ ತೆಂಕಣ ಅಮೆರಿಕಕ್ಕೆ ಹೋಗುವಾಗ ಈ ದ್ವೀಪ ಅವುಗಳ ದಾರಿಗೆ ಅಡ್ಡ ಸಿಗುತ್ತದೆ. ಅಜ್ಜಂದಿರ ಕಾಲದಿಂದಲೂ ಇಲ್ಲಿ ಇಂಥ ಕೊಳಗಳನ್ನು ಕಟ್ಟಿ, ಹಕ್ಕಿಗಳನ್ನು ಇಳಿಸಿ, ಬಂದೂಕಿನಿಂದ ಹೊಡೆಯುವ ಷಿಕಾರಿ ಸಂಘಗಳಿದ್ದವು. ಪಿಲ್ಗ್ರಿಮ್ ಕೊಳದ ಸಂಘದಲ್ಲಿ ಬಂದೂಕಿನವರು ಒಂಬತ್ತು ಮಂದಿ, ಅವರಲ್ಲೊಬ್ಬ ಲಯನಲ್; ಸಿಳ್ಳೆಯವರು ಒಬ್ಬರು. ಆ ಒಬ್ಬರೇ ಡಾರ್ನ್ಲಿ ಸ್ಕೀಟ್. ಜೀವಮಾನದಲ್ಲಿ ಅವರು ಒಂದು ಗುಂಡನ್ನೂ ಹಾರಿಸಿದವರಲ್ಲ.

ಆ ಕಸುಬಿನ ಸೂಕ್ಷ್ಮಗಳನ್ನು ಅವರು ನನಗೆ ಹತ್ತೊಂಬತ್ತು ಬೈಠಕುಗಳಲ್ಲಿ ವಿವರಿಸಿದ್ದಾರೆ. ಊರವರು ಉದ್ದಗಾಲು ಎನ್ನುವ ಹಳದಿ ಕಾಲಿನ ಹಕ್ಕಿಗೆ ಕೆಳಮುಖವಾಗಿ ಜಾರುವ ಎರಡು ಸ್ವರಗಳು. ಬೆನ್ನ ಮೇಲೆ ಬಂಗಾರದ ಚುಕ್ಕೆಗಳಿರುವ ಗೊರವ ಹಕ್ಕಿಗೆ ನಡುವೆ ಮುರಿಯುವ ಒಂದು ಉದ್ದ ಸ್ವರ. ಆದರೆ ಸಿಳ್ಳೆ ಹಾಕುವುದು ಕಲೆಯ ಅರ್ಧಭಾಗ ಮಾತ್ರ. ಉಳಿದರ್ಧ ಅದನ್ನು ನಿಲ್ಲಿಸುವುದರಲ್ಲಿದೆ. ಹಿಂಡು ಸುರುಳಿ ಸುತ್ತುತ್ತ ಇಳಿದು, ಬದುವಿನ ಮೇಲಿನ ತೆಂಗಿನ ಮರಗಳ ತಲೆಯ ಮಟ್ಟಕ್ಕೆ ಬಂದ ಕ್ಷಣ ಸಿಳ್ಳೆಯವನು ಬಾಯಿ ಮುಚ್ಚಬೇಕು. ದಡದ ಗುಡಿಸಲಿನಲ್ಲಿ ಬಂದೂಕು ಹಿಡಿದು ಅಡಗಿ ಕುಳಿತವರಿಗೆ ಆ ಮೌನವೇ ಗುಂಡು ಹಾರಿಸುವ ಅಪ್ಪಣೆ. ಇಷ್ಟನ್ನೆಲ್ಲ ಹೇಳಿದ ಸ್ಕೀಟರು ಸಿಳ್ಳೆಯನ್ನು ಮಾತ್ರ ಒಮ್ಮೆಯೂ ಕೇಳಿಸಿರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಅದನ್ನು ಬಿಟ್ಟಿದ್ದರು.

ಬಿಟ್ಟ ಕಥೆ ಚಿಕ್ಕದು. ಒಂದು ಸೆಪ್ಟೆಂಬರಿನ ಬೆಳಿಗ್ಗೆ, ಗಾಳಿಮಳೆ ಆಗಷ್ಟೇ ನಿಂತಿದ್ದಾಗ, ಉದ್ದಗಾಲಿನ ಹಿಂಡೊಂದನ್ನು ಅವರು ಇಳಿಸಿದರು. ತೆಂಗಿನ ಎತ್ತರಕ್ಕೆ ಬಂದಾಗ ಸುಮ್ಮನಾದರು. ಬಂದೂಕುಗಳು ಸಿಡಿದವು. ಒಂದೇ ಒಂದು ಹಕ್ಕಿ ತಪ್ಪಿಸಿಕೊಂಡು ಕಡಲ ಕಡೆಗೆ ಹಾರಿತು. ಹಾರಿದ್ದು ತಿರುಗಿ ಬಂತು. ಯಾರೂ ಕರೆದಿರಲಿಲ್ಲ. ಬಂದೂಕಿನವರು ಮತ್ತೆ ಮದ್ದು ತುಂಬುತ್ತಿದ್ದ ಆ ಅರೆನಿಮಿಷದಲ್ಲಿ ಅದು ಗುಡಿಸಲಿನ ಬಾಗಿಲಿಗೆ ಎರಡು ಮಾರು ದೂರದಲ್ಲಿ ಇಳಿದು, ಸ್ಕೀಟರ ಕಡೆಗೆ ಮುಖ ಮಾಡಿ, ಅವರದೇ ಎರಡು ಸ್ವರಗಳನ್ನು ನುಡಿಯಿತು.

"ನನ್ನನ್ನೇ ಕೇಳ್ತು," ಎಂದರು ಸ್ಕೀಟರು. "ನೀನು ಕರೆದೆ, ಬಂದ್ವಿ, ಉಳಿದೋರೆಲ್ಲಿ ಅಂತ. ಏನಂತ ಹೇಳ್ಲಿ?"

ಅವರು ಎದ್ದು ಚಪ್ಪಾಳೆ ತಟ್ಟಿ ಅದನ್ನು ಹಾರಿಸಿಬಿಟ್ಟರು. ಇನ್ನು ಮುಂದೆ ಯಾವ ಹಕ್ಕಿಯನ್ನೂ ಕರೆಯುವುದಿಲ್ಲವೆಂದು ಹೇಳಿ ಮನೆಗೆ ನಡೆದರು. ಸಂಘದವರು ತಾವೇ ಸಿಳ್ಳೆ ಹಾಕಿ ನೋಡಿದರು. ಲಯನಲ್‌ನ ಸಿಳ್ಳೆಗೆ ಒಂದು ಹಕ್ಕಿಯೂ ಇಳಿಯಲಿಲ್ಲ. ಪಕ್ಕದ ಗದ್ದೆಯಿಂದ ಯಾರದೋ ನಾಯಿ ಬಂತು. ಎರಡು ಹಂಗಾಮುಗಳಲ್ಲಿ ಸಂಘ ಕರಗಿತು. ಕೊಳದ ಒಡೆಯ, ವೃದ್ಧ ಪಿಲ್ಗ್ರಿಮ್ ಸಾಹೇಬರು, ಖಾಲಿ ಬಿದ್ದ ಜಾಗ ನೋಡಿಕೋ ಎಂದು ಸ್ಕೀಟರಿಗೆ ಬಾಯಿಮಾತಿನಲ್ಲಿ ಒಪ್ಪಿಸಿದರು. ಬಂದೂಕಿನ ಗುಡಿಸಲಿನ ಮುಂದೆ ಸ್ಕೀಟರು ಒಂದು ಹಲಗೆ ನೆಟ್ಟು, ತಮ್ಮ ದುಂಡು ಅಕ್ಷರಗಳಲ್ಲಿ 'ಇಲ್ಲಿ ಹಕ್ಕಿಗಳಿಗೆ ಅಭಯ' ಎಂಬರ್ಥದ ಸಾಲೊಂದನ್ನು ಬರೆದರು. ಗುಂಡುಗಳಿಂದ ತೂತುಬಿದ್ದಿದ್ದ ಹಳೆಯ ಹಲಗೆ ಅದು, ಬೇರೆ ಸಿಕ್ಕಿರಲಿಲ್ಲ.

ಅಭಯ ಕೊಡುವುದು ಹಲಗೆ ನೆಟ್ಟಷ್ಟು ಸುಲಭವಲ್ಲವೆಂಬುದನ್ನು ನಾನು ಅವರಿಂದ ಕಲಿತೆ. ಷಿಕಾರಿಯವರು ಹೋದ ಜೌಗು ಒಂದೆರಡು ವರ್ಷಗಳಲ್ಲಿ ತಾನೂ ಹೋಗುತ್ತದೆ: ಬದು ಒಡೆಯುತ್ತದೆ, ಜೊಂಡು ನುಗ್ಗುತ್ತದೆ, ನೀರು ಬತ್ತುತ್ತದೆ. ಹಕ್ಕಿಗಳನ್ನು ಕೊಲ್ಲುವವರು ಮಾಡುತ್ತಿದ್ದ ಅಷ್ಟೂ ಕೆಲಸವನ್ನು, ಕೊಲ್ಲುವುದೊಂದನ್ನು ಬಿಟ್ಟು, ಸ್ಕೀಟರು ಒಬ್ಬರೇ ಮಾಡುತ್ತಿದ್ದರು. ನೀರಿನ ಆಳವನ್ನು ತೋರುಬೆರಳಿನಿಂದ ಅಳೆಯುತ್ತಿದ್ದರು. ಉದ್ದಗಾಲಿಗೆ ಎರಡು ಗೆಣ್ಣು, ಸಣ್ಣ ಹಕ್ಕಿಗಳಿಗೆ ಒಂದು. ಮಳೆ ಬಂದರೆ ಓಡಿ ತೂಬು ತೆಗೆಯುವರು, ಬಿಸಿಲು ಬಲಿತರೆ ಪಂಪಿನ ನೀರು ಬಿಡುವರು.

ಒಮ್ಮೆ ಅವರು ಜ್ವರದಿಂದ ಮಲಗಿದ್ದಾಗ ಮಾರ್ವಾ, ಪರೋಪಕಾರದ ಹುಮ್ಮಸ್ಸಿನಲ್ಲಿ, ಇಡೀ ದಿನ ಪಂಪು ಬಿಟ್ಟು ಕೊಳವನ್ನು ಅಂಚಿನವರೆಗೆ ತುಂಬಿಸಿದಳು. ನೋಡಲು ಕನ್ನಡಿಯಂತಿತ್ತು. ಹಂಗಾಮಿನ ನಟ್ಟನಡುವೆ ನಾಲ್ಕು ದಿನ ಒಂದು ಹಕ್ಕಿಯೂ ಕಾಲಿಡಲಿಲ್ಲ. ಕಂಬಳಿ ಹೊದ್ದುಕೊಂಡೇ ಬಂದು ನಿಂತ ಸ್ಕೀಟರು ಬಗ್ಗಿ ನೀರಿಗೆ ತೋರುಬೆರಳು ಇಳಿಸಿ ನೋಡಿದರು.

"ಮಾರ್ವಾ," ಎಂದರು, "ಅವು ಊಟಕ್ಕೆ ಬರೋ ನೆಂಟರು. ನೀನು ಸ್ನಾನಕ್ಕೆ ನೀರು ಬಿಟ್ಟಿದೀಯ."

"ಅಷ್ಟು ದೂರದಿಂದ ಬರ್ತಾವೆ, ಡಾರ್ನ್ಲಿ, ಮೊದಲು ಮೈ ತೊಳ್ಕೊಳ್ಳಲಿ ಬಿಡು," ಎಂದಳಂತೆ ಮಾರ್ವಾ.

ಬಿರುಗಾಳಿಯ ತಿಂಗಳುಗಳಲ್ಲಿ ಅವರ ಭಕ್ತಿಯೂ ಸ್ವಲ್ಪ ವಿಲಕ್ಷಣವಾಗುತ್ತಿತ್ತು. ಆಕಾಶ ನಿರ್ಮಲವಾಗಿದ್ದರೆ ಹಕ್ಕಿಗಳು ದ್ವೀಪವನ್ನು ಲೆಕ್ಕಿಸದೆ ಎತ್ತರದಲ್ಲಿ ಹಾದುಹೋಗುತ್ತವೆ. ಮೋಡ ಕವಿದು ಗಾಳಿ ಎದುರಾದಾಗಷ್ಟೇ ದಣಿದು ಇಳಿಯುತ್ತವೆ. ಚರ್ಚಿನಲ್ಲಿ ಪಾದ್ರಿಗಳು ಬಿರುಗಾಳಿ ನಮ್ಮನ್ನು ದಾಟಿ ಹೋಗಲೆಂದು ಪ್ರಾರ್ಥನೆ ಮಾಡಿಸುವಾಗ ಸ್ಕೀಟರ ತುಟಿಗಳು ಬೇರೇನನ್ನೋ ಹೇಳುವುದನ್ನು ಗಮನಿಸಿ ನಾನು ಹೊರಗೆ ಬಂದು ಕೇಳಿದ್ದೆ.

"ಪೂರ್ತಿ ಬೇಡ ಅಂತ ನಾನೂ ಕೇಳ್ಕೊಂಡೆ," ಎಂದರು. "ಬಿರುಗಾಳಿಯ ಒಂದು ಮೂಲೆ ಸಾಕು ಅಂದೆ. ಯಾರ ಮನೆ ತಗಡೂ ಹಾರಬಾರದು, ಅಷ್ಟೇ ಅಷ್ಟು."

ಇಂಥ ಮನುಷ್ಯ ಆ ಸಂದಿಯನ್ನೇಕೆ ಉಳಿಸಿಕೊಂಡಿದ್ದಾರೆಂಬುದು ಊರಿನ ಬಗೆಹರಿಯದ ಚರ್ಚೆ. "ಸಿಳ್ಳೆ ಬಿಟ್ಟೆ ಅಂತೀಯ, ಸಂದಿ ಯಾಕೆ ಇಟ್ಕೊಂಡಿದೀಯ?" ಎಂದು ಮಾರ್ವಾ ವರ್ಷಕ್ಕೊಮ್ಮೆಯಾದರೂ ಕೆಣಕುತ್ತಿದ್ದಳು. "ಮಗಳು ಪಾಪ ಬೇಡ್ಕೊಂಡು ಸಾಕಾಗಿದಾಳೆ."

"ಮುಚ್ಚೋಕೆ ಮನಸ್ಸು ಬರಲ್ಲ," ಎಂದಷ್ಟೇ ಹೇಳಿ ಅವರು ಮಾಬಿ ಕುಡಿಯುತ್ತಿದ್ದರು.

ಕಳೆದ ವರ್ಷದ ಏಪ್ರಿಲಿನಲ್ಲಿ ವೃದ್ಧ ಪಿಲ್ಗ್ರಿಮ್ ತೀರಿಕೊಂಡರು. ಜಮೀನು ಅವರ ತಮ್ಮನ ಮಗಳು ಮಿಸ್ ಪಿಲ್ಗ್ರಿಮ್‌ಗೆ ಬಂತು. ನಲವತ್ತರ ಆಸುಪಾಸಿನ, ಮಾತಿನಲ್ಲಿ ನೇರವಾದ, ಕೆಟ್ಟವಳಲ್ಲದ ಹೆಂಗಸು. ದ್ವೀಪದ ಬಡಗಣ ಭಾಗದ ಷಿಕಾರಿ ಸಂಘವೊಂದು ಕೊಳವನ್ನು ಗೇಣಿಗೆ ಕೇಳಿದೆಯೆಂದು ಅವಳು ಸ್ಕೀಟರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದಳು. ಚಿಕ್ಕಂದಿನಲ್ಲಿ ದೊಡ್ಡಪ್ಪನ ಜೊತೆ ಎರಡು ಸಲ ಬಂದಿದ್ದಾಗ ಬರೀ ಕೆಸರು ನೋಡಿದ ನೆನಪು ಅವಳಿಗೆ. "ಹಕ್ಕಿಗಳಿಗೆ ಜಾಗ ಬಿಡೋಕೆ ನನಗೇನೂ ಬೇಜಾರಿಲ್ಲ, ಮಿಸ್ಟರ್ ಸ್ಕೀಟ್. ಆದ್ರೆ ಹಕ್ಕಿ ಇದೆ ಅಂತ ನಾನು ಕಣ್ಣಾರೆ ನೋಡ್ಬೇಕು. ಸೆಪ್ಟೆಂಬರ್ ಹದಿನಾರು, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ನೋಡಿದ್ರೆ, ಮೂವತ್ತು ವರ್ಷಕ್ಕೆ ಕಾಗದ ಮಾಡಿಕೊಡ್ತೀನಿ. ಇಲ್ಲಾಂದ್ರೆ ಅವರಿಗೆ ಹೂಂ ಅನ್ನಬೇಕಾಗುತ್ತೆ."

ಇಷ್ಟು ವರ್ಷ ಕಾಯ್ದ ಬದುಗಳು, ತೂಬು, ಗೆಣ್ಣಿನಲ್ಲಿ ಅಳೆದ ನೀರು, ಗುಂಡಿನ ತೂತುಗಳಿದ್ದ ಆ ಹಲಗೆ, ಎಲ್ಲವೂ ಒಂದು ಮಂಗಳವಾರದ ಬೆಳಗಿನ ಮೇಲೆ ಬಂದು ನಿಂತವು. ಸ್ಕೀಟರು ಒಪ್ಪಿ ಬಂದರು. ಆಮೇಲೆ ಮಾರ್ವಾಳ ಅಂಗಡಿಯಲ್ಲಿ ಲಯನಲ್ ಹುಬ್ಬೇರಿಸಿದ.

"ದಿನ ಗೊತ್ತು ಮಾಡಿ ಹಕ್ಕಿ ತೋರಿಸ್ತೀನಿ ಅಂದ್ಯಾ? ಅವತ್ತು ಬಿಸಿಲು ಬಿದ್ರೆ ಏನು ಮಾಡ್ತೀಯ, ಮಾರಾಯ?"

"ದೊಡ್ಡವರು ಬರ್ತೀನಿ ಅಂದಾಗ ಮಳೆ ಬರೋ ದಿನ ಬನ್ನಿ ಅನ್ನೋಕಾಗುತ್ತಾ?" ಎಂದರು ಸ್ಕೀಟರು. ನಿಜಕ್ಕೂ ಅವರಿಗೆ ಅದು ಆಗ ಹೊಳೆದಿರಲಿಲ್ಲ. ಹೇಳಿದ ಮಾತಿಗೆ ಸರಿಯಾಗಿ ಸಿದ್ಧನಾಗಿ ನಿಲ್ಲುವುದೇ ಮರ್ಯಾದೆಯೆಂದು ಬೆಳೆದವರು. ಮನೆಗೆ ಬರುವ ಅತಿಥಿಗೆ ದಿನ ಗೊತ್ತು ಮಾಡಿದ್ದರು, ಆಕಾಶದಿಂದ ಬರಬೇಕಾದ ಅತಿಥಿಗಳನ್ನು ಕೇಳಿರಲಿಲ್ಲ.

ಕೋರಲಿ ಈ ಸಂದರ್ಭವನ್ನು ಬಿಡಲಿಲ್ಲ. "ಜಮೀನಿನ ಒಡತಿ ಎದುರಿಗೆ ಆ ಸಂದಿ ತೋರಿಸ್ಕೊಂಡು ನಿಲ್ಬೇಡ, ಅಪ್ಪ. ಕಾಗದಕ್ಕೆ ಸಹಿ ಹಾಕ್ಸಿಕೊಳ್ಳೋ ಮನುಷ್ಯನ ಹಾಗೆ ಕಾಣು." ಐವತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಮಣಿದರು. ಕೊಳ ಉಳಿಯುವುದಾದರೆ ಒಂದು ಹಲ್ಲು ದೊಡ್ಡದಲ್ಲವೆಂದು ತಮಗೆ ತಾವೇ ಹೇಳಿಕೊಂಡಿರಬೇಕು. ಬ್ರಿಜ್‌ಟೌನಿಗೆ ಹೋಗಿ, ಹಾಕಿ ತೆಗೆಯಬಹುದಾದ ಒಂದು ಹಲ್ಲನ್ನು ಮಾಡಿಸಿಕೊಂಡು ಬಂದರು. ಅಂಗಡಿಯಲ್ಲಿ ಎಲ್ಲರೂ ಆಟ ನಿಲ್ಲಿಸಿ ನೋಡಿದರು.

"ಪರವಾಗಿಲ್ಲ," ಎಂದಳು ಮಾರ್ವಾ. "ಪಾದ್ರಿ ಹಾಗೆ ಕಾಣ್ತೀಯ."

"ನನ್ನ ಐವತ್ತು ವರ್ಷದ ಕೆಲಸ ಹಾಳಾಯ್ತು," ಎಂದ ಲಯನಲ್.

ಸೆಪ್ಟೆಂಬರ್ ಹದಿನಾರರ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಒಂದು ಮೋಡವಿಲ್ಲ, ಕಬ್ಬಿನ ಗರಿಗಳು ಕೂಡ ಅಲುಗುತ್ತಿರಲಿಲ್ಲ. ದ್ವೀಪದಲ್ಲಿ ಉಳಿದವರೆಲ್ಲ ಸಂತೋಷಪಟ್ಟ ಆ ಬೆಳಗನ್ನು ಸ್ಕೀಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತು ನೋಡಿದರು. ಪ್ರತಿ ವರ್ಷ ಹಕ್ಕಿಗಳು ಬರುವ ಮೊದಲ ದಿನ ತೊಡುವ ಬಿಳಿ ಅಂಗಿ ಒಳಗಿತ್ತು. ಹತ್ತಕ್ಕೆ ಸರಿಯಾಗಿ ಮಿಸ್ ಪಿಲ್ಗ್ರಿಮ್ ಬಂದಳು. ಕಾಲಿಗೆ ಆಗಷ್ಟೇ ಕೊಂಡ ರಬ್ಬರ್ ಬೂಟು. ಅದರ ಬೆಲೆಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಗುಡಿಸಲಿನ ಬಳಿ ಲಯನಲ್, ಮಾರ್ವಾ ಮತ್ತು ನಾನು ಮೊದಲೇ ಬಂದು ನಿಂತಿದ್ದೆವು.

ಕೊಳದಲ್ಲಿ ನೀರು ಎರಡು ಗೆಣ್ಣು, ಕರಾರುವಾಕ್ಕು. ಕೆಸರಿನ ದಿಬ್ಬಗಳು ಹದವಾಗಿ ಹೊಳೆಯುತ್ತಿದ್ದವು. ಹಕ್ಕಿಯೆಂದರೆ ಒಂದೇ ಒಂದು ಬೆಳ್ಳಕ್ಕಿ, ಬದುವಿನ ಮೇಲೆ.

ಮಿಸ್ ಪಿಲ್ಗ್ರಿಮ್ ಅದನ್ನು ಗಂಭೀರವಾಗಿ ನೋಡಿದಳು. "ಇದು ನಮ್ಮ ಹಸುಗಳ ಹಿಂದೆ ದಿನಾ ಓಡಾಡೋದೇ ಅಲ್ವಾ?"

"ಅದೇ, ಮಿಸ್," ಎಂದರು ಸ್ಕೀಟರು. ಹೊಸ ಹಲ್ಲಿನಿಂದಾಗಿ ಅವರ ಮಾತು ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು. "ಉಳಿದವು ಮೇಲಿವೆ."

ಅವರು ಬೆರಳು ತೋರಿದ ಕಡೆ ನಾವೆಲ್ಲ ತಲೆಯೆತ್ತಿದೆವು. ನೀಲಿಯ ತುಂಬ ಎತ್ತರದಲ್ಲಿ, ಮೆಣಸಿನ ಕಾಳು ಚೆಲ್ಲಿದಂತೆ, ಒಂದು ಹಿಂಡು ತೆಂಕಣಕ್ಕೆ ಹೋಗುತ್ತಿತ್ತು. ಅದರ ಹಿಂದೆ ಬಹಳ ದೂರದಲ್ಲಿ ಇನ್ನೊಂದು. ಹವೆ ಚೆನ್ನಾಗಿದ್ದರೆ ಅವು ನಿಲ್ಲುವುದಿಲ್ಲವೆಂದು ಸ್ಕೀಟರು ವಿವರಿಸಿದರು.

"ಅಂದ್ರೆ ಹವಾ ಕೆಟ್ಟಾಗ ಮಾತ್ರ ಬರೋರಿಗೆ ವರ್ಷಪೂರ್ತಿ ಜಾಗ ಕಾದಿಡಬೇಕು ಅಂತೀರಾ?"

"ಆಸ್ಪತ್ರೆನೂ ಹಾಗೇ ಅಲ್ವಾ, ಮಿಸ್?"

ಅವಳು ನಕ್ಕಳು, ಆದರೆ ಕೈಗಡಿಯಾರವನ್ನೂ ನೋಡಿಕೊಂಡಳು. "ನಿಮ್ಮ ಮಾತು ನನಗೆ ಇಷ್ಟ ಆಯ್ತು, ಮಿಸ್ಟರ್ ಸ್ಕೀಟ್. ಆದ್ರೆ ನಾನು ನೋಡಿದ್ದು ಒಂದು ಬೆಳ್ಳಕ್ಕಿ."

ಲಯನಲ್‌ನಿಂದ ಸಹಿಸಲಾಗಲಿಲ್ಲ. ಮುಂದೆ ಬಂದು, ತುಟಿ ಚೂಪು ಮಾಡಿ, ಎದೆ ತುಂಬ ಉಸಿರೆಳೆದು ಸಿಳ್ಳೆ ಹಾಕಿದ. ಹಬೆ ಮುಗಿಯುತ್ತ ಬಂದ ಕೆಟಲಿನ ಸದ್ದು ಬಂತು. ಬೆಳ್ಳಕ್ಕಿ ಎದ್ದು ಹಾರಿಹೋಯಿತು.

"ಇದ್ದ ಒಂದನ್ನೂ ಓಡಿಸಿದ," ಎಂದಳು ಮಾರ್ವಾ.

"ನೀನು ಕರಿ, ಡಾರ್ನ್ಲಿ," ಎಂದ ಲಯನಲ್, ತಗ್ಗಿದ ದನಿಯಲ್ಲಿ. "ಒಂದೇ ಸಲ. ಇಲ್ಲಿ ಬಂದೂಕು ಎಲ್ಲಿದೆ ಈಗ?"

ಸ್ಕೀಟರು ಕೊಳವನ್ನು ನೋಡಿದರು, ಹಲಗೆಯನ್ನು ನೋಡಿದರು, ಎರಡನೆಯ ಹಿಂಡನ್ನು ನೋಡಿದರು. ಅದು ಇನ್ನೇನು ತಲೆಯ ನೇರಕ್ಕೆ ಬರುವುದರಲ್ಲಿತ್ತು. ಅವರು ಮುಖವನ್ನು ಸ್ವಲ್ಪ ಆಚೆ ತಿರುಗಿಸಿ, ಹೊಸ ಹಲ್ಲನ್ನು ತೆಗೆದು, ಬಿಸ್ಕತ್ತಿನ ಜೇಬಿಗೆ ಹಾಕಿದರು. ಆಮೇಲೆ ಎರಡು ಸ್ವರಗಳು ಬಂದವು.

ದೊಡ್ಡ ಸದ್ದಲ್ಲ. ಪಕ್ಕದಲ್ಲಿ ನಿಂತವರಿಗೆ ಅದು ಬಹಳ ಮೆಲ್ಲಗೆ ಹೇಳಿದ ಮಾತಿನಂತಿತ್ತು. ಅಷ್ಟು ಎತ್ತರಕ್ಕೆ ಹೇಗೆ ತಲುಪಿತೋ ತಿಳಿಯದು. ಹಿಂಡು ಸ್ವಲ್ಪ ದೂರ ಮುಂದೆ ಹೋಯಿತು. ಅವರು ಮತ್ತೆ ಕರೆದರು. ಆ ಮೆಣಸಿನ ಕಾಳುಗಳ ಸಾಲು ಒಂದು ಬದಿಗೆ ಬಾಗಿತು, ಒಡೆಯಿತು, ಸುತ್ತಿ ಬಂತು. ಕಪ್ಪು ಚುಕ್ಕೆಗಳಿಗೆ ರೆಕ್ಕೆಗಳು ಮೂಡಿದವು, ರೆಕ್ಕೆಗಳ ಕೆಳಗೆ ಹಳದಿಯ ಉದ್ದ ಕಾಲುಗಳು ಕಂಡವು. ಮೂವತ್ತೋ ನಲವತ್ತೋ ಇದ್ದವು. ಸುರುಳಿ ಸುತ್ತುತ್ತ, ಉತ್ತರ ಕೊಡುತ್ತ ಇಳಿದವು. ತೆಂಗಿನ ತಲೆಯ ಮಟ್ಟಕ್ಕೆ ಬಂದವು.

ಸ್ಕೀಟರ ಬಾಯಿ ತಾನಾಗಿಯೇ ಮುಚ್ಚಿತು.

ನಲವತ್ತು ವರ್ಷಗಳ ರೂಢಿ ಅದು. ಅದೇ ರೂಢಿಯಿಂದ ಲಯನಲ್, ಎಪ್ಪತ್ತರ ಮುದುಕ, ತಟಕ್ಕನೆ ಮಂಡಿಯೂರಿ ಕುಳಿತ; ಬಲಗೈ ಇಲ್ಲದ ಬಂದೂಕನ್ನು ಹೆಗಲಿಗೇರಿಸಿತು. ಏನಾಗುತ್ತಿದೆಯೆಂದು ಮಿಸ್ ಪಿಲ್ಗ್ರಿಮ್‌ಗೆ ತಿಳಿದಿರಲಿಲ್ಲ. ಆ ಮೌನದಲ್ಲಿ ಹಿಂಡು ತೂಗಾಡಿತು. ಕರೆದವನು ಸುಮ್ಮನಾದನೇಕೆಂದು ಕೇಳುವಂತೆ ಒಂದು ಹಕ್ಕಿ ಕೂಗಿತು. ಮುಂದಿದ್ದ ನಾಲ್ಕೈದು ಮೇಲಕ್ಕೆ ತಿರುಗಲು ರೆಕ್ಕೆ ಬಾಗಿಸಿದವು.

ಆಗ ಸ್ಕೀಟರು ಬಾಯಿ ತೆರೆದರು. ಈ ಸಲ ಬಂದದ್ದು ಆ ಎರಡು ಸ್ವರಗಳಲ್ಲ. ಒಂದೇ ಸ್ವರ, ಮೃದುವಾಗಿ, ಬಿಟ್ಟು ಬಿಟ್ಟು, ಯಾವ ಅವಸರವೂ ಇಲ್ಲದೆ. ನೆಲದ ಮೇಲೆ ನಿಶ್ಚಿಂತೆಯಿಂದ ಹುಳು ಹೆಕ್ಕುತ್ತಿರುವ ಉದ್ದಗಾಲು ಪಕ್ಕದ ಉದ್ದಗಾಲಿಗೆ ಹೇಳುವ ಮಾತು ಅದು ಎಂದು ಅವರು ಆಮೇಲೆ ಹೇಳಿದರು. ಸಿಳ್ಳೆಯವನಾಗಿದ್ದಾಗ ಅದು ಅವರಿಗೆ ಗೊತ್ತೇ ಇರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಯಾಕೆಂದರೆ ಅವರ ಕರೆಗೆ ಬಂದ ಯಾವ ಹಕ್ಕಿಯೂ ಆ ಮಾತಾಡುವಷ್ಟು ಹೊತ್ತು ಬದುಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೊಳದ ದಡದಲ್ಲಿ ಕಳೆದ ಹನ್ನೊಂದು ವರ್ಷಗಳಲ್ಲಿ ಕೇಳಿ ಕೇಳಿ ಕಲಿತದ್ದು.

ಹಿಂಡು ಇಳಿಯಿತು. ಕಾಲುಗಳು ನೀರಿಗೆ ತಾಗಿದಾಗ ಸಣ್ಣ ಸಣ್ಣ ಉಂಗುರಗಳು ಕೊಳದ ತುಂಬ ಎದ್ದವು. ರೆಕ್ಕೆಗಳನ್ನು ಒಮ್ಮೆ ಮೇಲೆತ್ತಿ ಮಡಿಸಿಕೊಂಡು, ಯಾವ ಔಪಚಾರಿಕತೆಯೂ ಇಲ್ಲದೆ ಅವು ಊಟಕ್ಕೆ ತೊಡಗಿದವು. ಅರೆಗಳಿಗೆಯಲ್ಲಿ ಕೊಳದ ಎಲ್ಲ ಕಡೆಗಳಿಂದ ಅದೇ ಮೃದು ಸ್ವರ ಕೇಳಿಬರತೊಡಗಿತು.

ಲಯನಲ್ ಮಂಡಿಯೂರಿದವನು ಎದ್ದಿರಲಿಲ್ಲ. ಏಳಲಾಗದೆ ಕುಳಿತಿದ್ದನೆಂಬುದು ಆಮೇಲೆ ತಿಳಿಯಿತು.

"ಬಾ, ಇಲ್ಲಿ ನೀರಿದೆ, ಭಯವಿಲ್ಲ. ಆ ಸಿಳ್ಳೆಗೆ ಅರ್ಥ ಅಷ್ಟೇ," ಎಂದರು ಸ್ಕೀಟರು, ಯಾರಿಗೆಂದಿಲ್ಲದೆ. "ನಲವತ್ತು ವರ್ಷ ಸುಳ್ಳು ಹೇಳಿದ್ದೆ. ಇವತ್ತು ಅದೇ ಮಾತು ನಿಜ ಆಯ್ತು." ಅಭ್ಯಾಸದಂತೆ ಕೊನೆಯ ಪದವನ್ನು ಸೇರಿಸಲಿಲ್ಲ. ಕತ್ತು ಮಾತ್ರ ಎಡಕ್ಕೆ ವಾಲಿತ್ತು, ಬಲಗಿವಿ ಕೊಳದ ಕಡೆಗಿತ್ತು.

ಮಿಸ್ ಪಿಲ್ಗ್ರಿಮ್ ಕಾಗದವನ್ನು ಅಲ್ಲೇ ತೆಗೆದಳು. ಬರೆಯಲು ಮೇಜಿಲ್ಲದ್ದರಿಂದ, ಏಳಲಾರದೆ ಕುಳಿತಿದ್ದ ಲಯನಲ್‌ನ ಬೆನ್ನನ್ನೇ ಮೇಜು ಮಾಡಿಕೊಂಡಳು. "ಅಲುಗಾಡಬೇಡಿ," ಎಂದಳು ಅವನಿಗೆ.

"ಮೂವತ್ತು ವರ್ಷ ಅಂತಾನೇ ಬರೀರಿ, ಮಿಸ್," ಎಂದ ಲಯನಲ್, ನೆಲ ನೋಡುತ್ತಲೇ. "ಅಷ್ಟರೊಳಗೆ ಯಾರಾದ್ರೂ ನನ್ನ ಎಬ್ಬಿಸ್ತಾರೆ."

ಮಾರ್ವಾ ಮಧ್ಯಾಹ್ನಕ್ಕೆ ಮೆಕ್ಕೆಜೋಳದ ಹಿಟ್ಟಿನ ಕೂಕೂ ತಿರುವಿ, ಹಾರುವ ಮೀನಿನ ಸಾರು ಮಾಡಿದಳು. ಊಟಕ್ಕೆ ಕುಳಿತಾಗ ಹಲ್ಲಿನ ನೆನಪಾಯಿತು. ಬಿಸ್ಕತ್ತಿನ ಜೇಬಿನ ಮೂಲೆಯಲ್ಲಿ ಎಂದಿನಿಂದಲೋ ಇದ್ದ ತೂತಿನ ಮೂಲಕ ಅದು ಕೋಟಿನ ಒಳಪದರಕ್ಕೆ ಜಾರಿತ್ತು. ತಡಕಿದರೆ ಕೈಗೆ ಸಿಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಬಟ್ಟೆ ಬಿಚ್ಚಿ ತೆಗೆಯಲೇ ಎಂದು ಮಾರ್ವಾ ಕತ್ತರಿ ತಂದಳು. ಒಳ್ಳೆಯ ಕೋಟು ಹಾಳು ಮಾಡಬೇಡವೆಂದರು ಸ್ಕೀಟರು. ಕೋರಲಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದಾಗ, "ಹಲ್ಲು ಯಾವಾಗಲೂ ಹಾಕ್ಕೊಂಡೇ ಇರ್ತೀಯಲ್ಲ, ಅಪ್ಪ?" ಎಂದು ಅವಳು ಕೇಳಿದಳು. "ಯಾವಾಗಲೂ ನನ್ನ ಮೈಮೇಲೇ ಇರುತ್ತೆ," ಎಂದು ಅವರು ಸತ್ಯವನ್ನೇ ಹೇಳಿದರು.

ಆ ದಿನದ ಸಿಳ್ಳೆ ನನ್ನ ಧ್ವನಿಮುದ್ರಣಗಳಲ್ಲಿಲ್ಲ. ಯಂತ್ರ ಚೀಲದಲ್ಲಿಯೇ ಉಳಿದಿತ್ತು. ಮತ್ತೊಮ್ಮೆ ಹಾಕಿ ತೋರಿಸಿರೆಂದು ಕೇಳುವ ಧೈರ್ಯ ಈ ಒಂದು ವರ್ಷದಲ್ಲಿ ನನಗೆ ಬಂದಿಲ್ಲ. ಬಿಸಿಲಿನ ದಿನ ಅವರು ಈಗಲೂ ಕರೆಯುವುದಿಲ್ಲ. ಸುಖವಾಗಿ ಹೋಗುತ್ತಿರುವವರನ್ನು ದಾರಿಯಲ್ಲಿ ತಡೆಯಬಾರದೆಂಬುದು ಅವರ ಅಭಿಪ್ರಾಯ. ಮೋಡ ಕವಿದು, ಗಾಳಿ ಎದುರಾಗಿ, ದಣಿದ ಹಿಂಡೊಂದು ಇಳಿಯುವ ಜಾಗ ಕಾಣದೆ ಕಡಲಂಚಿನಲ್ಲಿ ಅಲೆದಾಡುವಾಗ ಮಾತ್ರ, ಆ ಕಂದು ಕೋಟು ಬದುವಿನ ಮೇಲೆ ಕಾಣಿಸುತ್ತದೆ.

ವೃತ್ತಿಯ ನಿಮಿತ್ತ ನಾನು ಈ ದ್ವೀಪದಲ್ಲಿ ಸ್ಕೀಟರಂಥ ಇನ್ನೂ ಕೆಲವರನ್ನು ಕಂಡಿದ್ದೇನೆ: ಮರಳಿನಲ್ಲಿ ಆಮೆಯ ಹೆಜ್ಜೆ ಹಿಡಿದು ಮೊಟ್ಟೆ ತೆಗೆಯುತ್ತಿದ್ದವಳು ಈಗ ಅದೇ ಹೆಜ್ಜೆ ಹಿಡಿದು ಮೊಟ್ಟೆಗೆ ಬೇಲಿ ಕಟ್ಟುತ್ತಾಳೆ, ಹವಳದ ಬಂಡೆ ಸಿಡಿಸುತ್ತಿದ್ದವನು ಎಲ್ಲಿ ಲಂಗರು ಹಾಕಬಾರದೆಂದು ದೋಣಿಯವರಿಗೆ ತೋರಿಸುತ್ತಾನೆ. ಇವರು ಪಶ್ಚಾತ್ತಾಪದ ಮಾತಾಡುವುದನ್ನು ನಾನು ಕೇಳಿಲ್ಲ. ತಮ್ಮ ಹಳೆಯ ವಿದ್ಯೆಯನ್ನು ಬಾವಿಗೆಸೆದು ಕೈ ತೊಳೆದುಕೊಂಡವರೂ ಅಲ್ಲ. ಅದು ತಮ್ಮಿಂದ ಮಾಡಿಸಿದ್ದು ಏನೆಂದು ಬಲ್ಲರು. ಬಲ್ಲವರಾಗಿಯೂ ಅದನ್ನು ಉಪ್ಪುನೀರಿನಲ್ಲಿ ತೊಳೆದು, ಪಕ್ಕದ ಹಲ್ಲುಗಳು ವಾಲದಂತೆ ನೋಡಿಕೊಂಡು, ಕೇಳಿದವರಿಗೆ ಸರಿಯಾದ ಕಾರಣ ಕೊಡಲಾಗದೆ ಇಟ್ಟುಕೊಂಡಿರುತ್ತಾರೆ. ಉಳಿದ ನಾವು ಒಳ್ಳೆಯವರಾಗಲು ಹೊಸದೇನನ್ನೋ ಕಲಿಯಬೇಕೆಂದುಕೊಳ್ಳುತ್ತೇವೆ. ಅವರಿಗೆ ಬೇಕಾಗಿದ್ದುದು, ಹಿಂದೆ ಬಾಯಿ ಮುಚ್ಚುತ್ತಿದ್ದ ಜಾಗದಲ್ಲಿ ನಿಲ್ಲದೆ, ಅದನ್ನು ದಾಟಿ ಹಾಕುವ ಇನ್ನೊಂದು ಸ್ವರ ಮಾತ್ರ.